ಹಳೇ ಮಂಚ ಎಲ್ಲಿ, ಹಳೇ ಕುರ್ಚಿ ಎಲ್ಲಿ? ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಸಾಮಾನಿಗೆ ನಾಲ್ಕು ದಾರಿಗಳು

ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿಯುವುದು ಅಂದರೆ ಮೊದಲು ಅಡ್ವಾನ್ಸ್, ಆಮೇಲೆ ಬ್ರೋಕರ್ ದುಡ್ಡು, ಆಮೇಲೆ ಗಾಡಿ ಬಾಡಿಗೆ. ಹಾಲು ಉಕ್ಕಿಸುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆಗ ಮಂಚ, ಬೀರು, ಊಟದ ಮೇಜು ಎಲ್ಲ ಹೊಸದೇ ತರೋಣ ಅಂದರೆ ಆಗುವ ಮಾತಲ್ಲ. ಏಳು ವರ್ಷದಲ್ಲಿ ನಾವು ಮೂರು ಮನೆ ಬದಲಿಸಿದ್ದೇವೆ. ಈಗ ಮನೆಯಲ್ಲಿರುವ ಸಾಮಾನಿನ ಮುಕ್ಕಾಲು ಪಾಲು ಬೇರೆಯವರ ಮನೆಯಲ್ಲಿ ಬಾಳಿ ಬಂದದ್ದೇ. ಅದರಲ್ಲಿ ಕೆಲವನ್ನು ನೋಡಿದಾಗ ಇವತ್ತಿಗೂ ಖುಷಿಯಾಗುತ್ತದೆ. ಇನ್ನು ಕೆಲವನ್ನು ವರ್ಷದೊಳಗೆ ಗುಜರಿಗೆ ಹಾಕಬೇಕಾಯಿತು.

ಸ್ನೇಹಿತರು ಯಾವಾಗಲೂ ಕೇಳುವುದು ಒಂದೇ: "ಒಳ್ಳೇ ಸೆಕೆಂಡ್ ಹ್ಯಾಂಡ್ ಅಂಗಡಿ ಯಾವುದು ಹೇಳಿ." ಈ ಪ್ರಶ್ನೆಯೇ ಸ್ವಲ್ಪ ತಪ್ಪು ಅಂತ ನನಗನ್ನಿಸುತ್ತದೆ. ಮಂಚ ಕೊಳ್ಳಲು ಒಳ್ಳೆಯದಾದ ಜಾಗ ಆಫೀಸ್ ಕುರ್ಚಿಗೆ ಒಳ್ಳೆಯದಲ್ಲ. ಹಿತ್ತಾಳೆ ದೀಪ ಸಿಗುವ ಜಾಗದಲ್ಲಿ ಬೀರು ಹುಡುಕಿದರೆ ದುಡ್ಡು ಜಾಸ್ತಿ ಹೋಗುತ್ತದೆ. ಮೊದಲು ಏನು ಬೇಕು ಅಂತ ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೆ ತಕ್ಕ ದಾರಿ ಹಿಡಿಯಬೇಕು.

ಹೊರಡುವ ಮೊದಲು ಟೇಪು

ಮನೆ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟಿನ ಒಳಗಿನ ಅಳತೆ ಮೂರನ್ನೂ ಬರೆದು ಫೋನಿನಲ್ಲಿಟ್ಟುಕೊಳ್ಳಿ. ನಮ್ಮ ಕಡೆ ಮುಂಬಾಗಿಲು ಸಾಮಾನ್ಯವಾಗಿ ಮೂರಡಿ ಅಗಲ, ರೂಮಿನ ಬಾಗಿಲು ಅದಕ್ಕಿಂತ ಕಿರಿದು. ಹಳೇ ಕಾಲದ ಗಟ್ಟಿ ಮರದ ಬೀರು ಬಿಚ್ಚಲು ಬರುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರೆ ಅಲ್ಲೇ ನಿಲ್ಲುತ್ತದೆ. ಊಟದ ಮೇಜು ನೆಲದಿಂದ ಸುಮಾರು 30 ಇಂಚು, ಕುರ್ಚಿಯ ಕೂರುವ ಭಾಗ 17-18 ಇಂಚು ಇದ್ದರೆ ಆರಾಮ. ಮೇಜು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ ಕೊಳ್ಳುವವರಿಗೆ ಈ ಎರಡು ಲೆಕ್ಕ ತುಂಬಾ ಮುಖ್ಯ. ಹಳೇ ಮಂಚ ಆದರೆ ಒಳಗಿನ ಉದ್ದ ಅಗಲ ಅಳೆಯಲೇಬೇಕು. ನಾಲ್ಕಡಿ ಅಗಲದ ಮಂಚಗಳು ತುಂಬಾ ಇವೆ. ಅವಕ್ಕೆ ಅಂಗಡಿಯ ರೆಡಿ ಹಾಸಿಗೆ ಕೂರದಿದ್ದರೆ ಹೇಳಿ ಮಾಡಿಸಬೇಕಾಗುತ್ತದೆ.

ಇನ್ನೊಂದು ಲೆಕ್ಕ ದುಡ್ಡಿನದು. ಅಂಗಡಿಯವರು ಹೇಳುವುದು ಪೂರ್ತಿ ಬೆಲೆ ಅಲ್ಲ. ಟಾಟಾ ಏಸ್ ಬಾಡಿಗೆ, ಎತ್ತಿ ಇಳಿಸುವವರ ಕೂಲಿ, ಪಾಲಿಷ್, ಹೊಸ ಸ್ಪಂಜು ಮತ್ತು ಬಟ್ಟೆ ಎಲ್ಲ ಅದರ ಮೇಲೆ. ನಾವು ನಾಲ್ಕು ಸಾವಿರಕ್ಕೆ ತಂದ ಸೋಫಾ ಕೂರುವ ಹಾಗಾಗುವಷ್ಟರಲ್ಲಿ ಹನ್ನೊಂದು ಸಾವಿರ ದಾಟಿತ್ತು. ಚೌಕಟ್ಟು ಸಾಗುವಾನಿಯದ್ದಾದ್ದರಿಂದ ಅದು ಸರಿಹೋಯಿತು. ಸುಮ್ನೆ ಪೈನ್ ಪಟ್ಟಿ ಹೊಡೆದ ಸೋಫಾ ಆಗಿದ್ದರೆ ಶುದ್ಧ ನಷ್ಟ.

ದಾರಿ ಒಂದು: ಗುಜರಿ ಮತ್ತು ಸೆಕೆಂಡ್ ಹ್ಯಾಂಡ್ ಅಂಗಡಿ

ಶಿವಾಜಿನಗರದ ಸುತ್ತಮುತ್ತ ಹಳೇ ಫರ್ನಿಚರ್ ಅಂಗಡಿಗಳಿವೆ. ಈಗ ಹೆಚ್ಚೂಕಡಿಮೆ ಪ್ರತಿ ಬಡಾವಣೆಯ ಮುಖ್ಯರಸ್ತೆಯಲ್ಲೂ ಇಂಥ ಒಂದೆರಡು ಅಂಗಡಿ ಸಿಗುತ್ತವೆ. ಇಲ್ಲಿನ ದೊಡ್ಡ ಲಾಭ ಅಂದರೆ ಮುಟ್ಟಿ, ಅಲ್ಲಾಡಿಸಿ, ಕೂತು ನೋಡಬಹುದು. ಅಂಗಡಿಯವರೇ ಗಾಡಿ ಮಾಡಿ ಕಳಿಸುತ್ತಾರೆ. ಏನಾದರೂ ಆದರೆ ಹೋಗಿ ಕೇಳಲು ಒಂದು ಮುಖ ಇರುತ್ತದೆ.

ತೊಂದರೆ ಅಂದರೆ ಪಾಲಿಷ್. ಅಂಗಡಿಗೆ ಬಂದ ಮಾಲಿಗೆ ಮೊದಲು ಬೀಳುವುದು ಕಡು ಕಂದು ಬಣ್ಣ. ಅದರ ಕೆಳಗೆ ಸಿಲ್ವರ್ ಓಕ್ ಇದೆಯೋ, ಸಾಗುವಾನಿ ಇದೆಯೋ ಮೇಲಿನಿಂದ ಗೊತ್ತಾಗುವುದಿಲ್ಲ. "ಪ್ಯೂರ್ ಟೀಕು ಮೇಡಂ, ತಾತನ ಕಾಲದ್ದು" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆದ್ದರಿಂದ ನನ್ನ ಸಲಹೆ: ಪಾಲಿಷ್ ಆಗದ ಮಾಲನ್ನೇ ತೋರಿಸಿ ಅಂತ ಕೇಳಿ. ಬಹಳಷ್ಟು ಅಂಗಡಿಗಳ ಹಿಂಭಾಗದಲ್ಲಿ ಈಗಷ್ಟೇ ಬಂದ ಸಾಮಾನು ಧೂಳು ಹಿಡಿದು ನಿಂತಿರುತ್ತದೆ. "ಅಣ್ಣ, ಪಾಲಿಷ್ ನಾನೇ ಮಾಡಿಸ್ಕೋತೀನಿ, ಹಾಗೇ ಕೊಡಿ" ಅಂದರೆ ಬೆಲೆಯೂ ಇಳಿಯುತ್ತದೆ, ಮರದ ನಿಜವಾದ ಮೈಯೂ ಕಾಣುತ್ತದೆ.

ಚಿಕ್ಕಪೇಟೆ ಹತ್ತಿರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ನಡೆಯುವ ಭಾನುವಾರದ ಬಜಾರ್ ಬೇರೆಯದೇ ಲೋಕ. ದೊಡ್ಡ ಸಾಮಾನಿಗಾಗಿ ಅಲ್ಲಿಗೆ ಹೋಗಬೇಡಿ. ಪಿಂಗಾಣಿ ತಟ್ಟೆ, ಹಳೇ ಬೀಗ, ಗಡಿಯಾರ, ಬಾಗಿಲಿನ ಹಿಡಿ, ಫೋಟೋ ಚೌಕಟ್ಟು ಇಂಥ ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ಹೋಗಿ. ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದ ಮೇಲೆ ಉಳಿಯುವುದು ಜನಜಂಗುಳಿ.

ದಾರಿ ಎರಡು: ಮನೆ ಖಾಲಿ ಮಾಡುವವರಿಂದ ನೇರವಾಗಿ

ನನ್ನ ಅನುಭವದಲ್ಲಿ ಅತಿ ಕಡಿಮೆ ಬೆಲೆ ಇಲ್ಲೇ. ಕೆಲಸ ಬದಲಾಗಿ ಬೇರೆ ಊರಿಗೆ ಹೊರಟವರು, ಮದುವೆಯಾಗಿ ಎರಡು ಮನೆಯ ಸಾಮಾನು ಒಂದಾದವರು, ಹೊರದೇಶಕ್ಕೆ ಹೋಗುವವರು ಬೆಲೆಗಿಂತ ಜಾಗ ಖಾಲಿಯಾಗುವುದಕ್ಕೇ ಹೆಚ್ಚು ಕಾಯುತ್ತಿರುತ್ತಾರೆ. ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗುಂಪು, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಓಎಲ್ಎಕ್ಸ್ ಮೂರರಲ್ಲಿ ನನಗೆ ವಾಟ್ಸ್ಆ್ಯಪ್ ಗುಂಪೇ ಇಷ್ಟ. ಮಾರುವವರು ಯಾರು, ಯಾವ ಬ್ಲಾಕ್ ಅಂತ ಗೊತ್ತಿರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಥ ಗುಂಪಿಲ್ಲದಿದ್ದರೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿರುವ ಸ್ನೇಹಿತರಿಗೆ "ಒಳ್ಳೇ ಮೇಜು ಬಂದರೆ ಹೇಳಿ" ಅಂತ ಹೇಳಿಡಿ.

ಕಾಲವೂ ನೋಡಬೇಕು. ತಿಂಗಳ ಕೊನೆಯ ವಾರದಲ್ಲಿ ಮಾಲು ಜಾಸ್ತಿ, ಯಾಕೆಂದರೆ ಒಂದನೇ ತಾರೀಖಿಗೆ ಮನೆ ಖಾಲಿ ಮಾಡಬೇಕು. ಶಾಲೆಗೆ ರಜೆ ಬಿಡುವ ಏಪ್ರಿಲ್-ಮೇ ತಿಂಗಳಲ್ಲಿ ಸಂಸಾರಸ್ಥರು ಮನೆ ಬದಲಿಸುತ್ತಾರೆ, ಆಗ ಬೀರು, ಓದುವ ಮೇಜು, ಮಕ್ಕಳ ಮಂಚ ಬರುತ್ತವೆ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಶ್ರಾವಣ ಬಂದ ಮೇಲೆ ಮತ್ತೆ ಚುರುಕು. ಆಯುಧಪೂಜೆ, ದೀಪಾವಳಿಗೆ ಮೊದಲು ಮನೆ ತೊಳೆಯುವಾಗ ಅಟ್ಟದ ಮೇಲಿನ ಹಿತ್ತಾಳೆ, ತಾಮ್ರ ಕೆಳಗಿಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ನೋಡದೆ ಅಡ್ವಾನ್ಸ್ ಕೊಡಬೇಡಿ. "ನಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಸ್ವಲ್ಪ ದುಡ್ಡು ಹಾಕಿ ಹಿಡಿದಿಡುತ್ತೇನೆ" ಅಂತ ಹೇಳಿ ಮೋಸ ಮಾಡುವವರಿದ್ದಾರೆ. ನೀವೇ ಮಾರುವಾಗ "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅಂತ ಕಳಿಸುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮದೇ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಎರಡನೆಯದು ಪಾರ್ಟಿಕಲ್ ಬೋರ್ಡ್. ಆನ್‌ಲೈನಿನಲ್ಲಿ ಬರುವ ಮಾಲಿನಲ್ಲಿ ದೊಡ್ಡ ಪಾಲು ಅದೇ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಹೊಸದಾಗಿದ್ದಾಗ ನೋಡಲು ಚೆಂದ. ಆದರೆ ಒಂದು ಸಲ ಬಿಚ್ಚಿದ ಮೇಲೆ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಬಿಗಿಯಾಗಿ ಕೂರುವುದಿಲ್ಲ. ನೀರು ತಾಗಿದರೆ ಊದಿಕೊಳ್ಳುತ್ತದೆ. ನಾವು ದಿನಾ ನೆಲ ಒರೆಸುವವರು, ಆದ್ದರಿಂದ ಕಪಾಟಿನ ಕೆಳಗಿನ ಮೂರು ಇಂಚು ನೋಡಿ. ಅಲ್ಲಿ ಅಂಚು ಉಬ್ಬಿದ್ದರೆ ಸುಮ್ಮನೆ ವಾಪಸ್ ಬನ್ನಿ. ಉಬ್ಬಿಲ್ಲದಿದ್ದರೂ ಹೊಸದರ ಕಾಲುಭಾಗಕ್ಕಿಂತ ಜಾಸ್ತಿ ಕೊಡಬೇಡಿ ಅಂತಲೇ ನಾನು ಹೇಳುವುದು. ಗಟ್ಟಿ ಮರ ಆದರೆ ಅರ್ಧ ಬೆಲೆ ಕೊಟ್ಟರೂ ತಪ್ಪಿಲ್ಲ.

ದಾರಿ ಮೂರು: ಆಫೀಸುಗಳ ಸಾಮಾನು

ಬೆಂಗಳೂರಿಗೆ ಇದೊಂದು ವರ. ಕಂಪನಿಗಳು ಕಟ್ಟಡ ಬದಲಿಸುತ್ತವೆ, ಮುಚ್ಚುತ್ತವೆ, ಒಳಾಂಗಣ ಹೊಸದು ಮಾಡುತ್ತವೆ. ಆಗ ನೂರಾರು ಕುರ್ಚಿ ಒಟ್ಟಿಗೆ ಹೊರಬರುತ್ತವೆ. ಅವನ್ನು ಸಗಟಾಗಿ ಕೊಂಡು ಬಿಡಿಬಿಡಿಯಾಗಿ ಮಾರುವ ಗೋದಾಮುಗಳಿವೆ. ಮನೆಯಿಂದ ಕೆಲಸ ಮಾಡುವವರು ಹೊಸ ಅಗ್ಗದ ಕುರ್ಚಿ ಕೊಳ್ಳುವ ಬದಲು, ಅದೇ ದುಡ್ಡಿಗೆ ಇಲ್ಲಿ ಒಳ್ಳೇ ಕಂಪನಿಯ ಹಳೇ ಕುರ್ಚಿ ಕೊಳ್ಳಬೇಕು. ಬೆನ್ನಿಗೆ ಆಗುವ ವ್ಯತ್ಯಾಸ ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ನೋಡಬೇಕಾದ್ದು ಸ್ವಲ್ಪವೇ. ಕುರ್ಚಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ ಐದು ನಿಮಿಷ ಕೂತಿರಿ. ನಿಧಾನವಾಗಿ ಕೆಳಗಿಳಿದರೆ ಒಳಗಿನ ಗ್ಯಾಸ್ ಕೊಳವೆ ಹೋಗಿದೆ. ಅದನ್ನು ಬದಲಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ತಲೆಕೆಳಗು ಮಾಡಿ ಐದು ಕಾಲಿನ ಬುಡದಲ್ಲಿ ಬಿರುಕಿದೆಯಾ ನೋಡಿ. ಬಿರುಕಿದ್ದರೆ ಬೇಡ. ಸ್ಟೀಲ್ ಫೈಲ್ ಕಪಾಟು, ಲಾಕರ್ ಕೂಡ ಇಲ್ಲಿ ಚೆನ್ನಾಗಿ ಸಿಗುತ್ತವೆ. ಕೀಲಿ ಇಲ್ಲದ್ದು ಕೊಳ್ಳಬೇಡಿ. ಆಫೀಸ್ ಮೇಜುಗಳು ಮಾತ್ರ ಬಹಳಷ್ಟು ಬೋರ್ಡಿನವು, ಮನೆಗೆ ಅಷ್ಟು ಒಪ್ಪುವುದಿಲ್ಲ.

ದಾರಿ ನಾಲ್ಕು: ಹಳೇ ಮನೆಯ ಮರ ಮತ್ತು ಆ್ಯಂಟಿಕ್ ಅಂಗಡಿ

ಬಸವನಗುಡಿ, ಮಲ್ಲೇಶ್ವರದಂಥ ಕಡೆ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಬಾಗಿಲು, ಕಿಟಕಿ, ಕಂಬ, ತೊಲೆ ಹೊರಬರುತ್ತವೆ. ಮನೆ ಒಡೆಯುವ ಗುತ್ತಿಗೆದಾರರು ಅವನ್ನು ಮಾರುತ್ತಾರೆ. ಒಂದು ಹಳೇ ಬಾಗಿಲಿಗೆ ಕಾಲು ಕೊಟ್ಟು ಮೇಲೆ ಗಾಜು ಹಾಕಿದರೆ ಮೇಜಾಗುತ್ತದೆ. ಅದಕ್ಕಿಂತ ನನಗೆ ಇಷ್ಟವಾಗುವುದು ಆ ಮರವನ್ನು ಒಬ್ಬ ಒಳ್ಳೇ ಆಚಾರಿಯ ಕೈಗೆ ಕೊಟ್ಟು ಪುಸ್ತಕದ ಕಪಾಟು ಮಾಡಿಸುವುದು. ಐವತ್ತು ಅರವತ್ತು ವರ್ಷ ಒಣಗಿದ ಮರ ಇನ್ನು ಬಾಗುವುದು, ಸೀಳುವುದು ಕಡಿಮೆ. ಆಚಾರಿಗಳು ಇದನ್ನು ಗೌರವದಿಂದಲೇ ಮುಟ್ಟುತ್ತಾರೆ. ಕೊಯ್ಯುವ ಮೊದಲು ಹಳೇ ಮೊಳೆಗಳನ್ನು ಪೂರ್ತಿ ಕೀಳಿಸಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಆ್ಯಂಟಿಕ್ ಅಂಗಡಿಗಳ ವಿಷಯ ಬೇರೆ. ಅಲ್ಲಿ ಪತ್ತಾಯ (ಧಾನ್ಯ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ), ತೂಗುಮಂಚ, ಬೆತ್ತದ ಆರಾಮ ಕುರ್ಚಿ, ಕೆತ್ತನೆ ಕಂಬ ಇರುತ್ತವೆ. ತಮಿಳುನಾಡಿನ ಕಾರೈಕುಡಿ ಮತ್ತು ಕೊಚ್ಚಿಯ ಮಟ್ಟಾಂಚೇರಿ ಇಂಥ ಸಾಮಾನಿಗೆ ಹೆಸರಾದ ಪೇಟೆಗಳು. ಬೆಲೆ ಜಾಸ್ತಿ, ನಕಲೂ ಜಾಸ್ತಿ. ಹೊಸ ಮರಕ್ಕೆ ಹಳೇ ರೂಪ ಕೊಡುವುದು ಒಂದು ಕಸುಬೇ ಆಗಿದೆ. "ಬ್ರಿಟಿಷರ ಕಾಲದ ಕುರ್ಚಿ" ಅಂದಾಗ ನಾನು ಮೊದಲು ಸ್ಕ್ರೂ ನೋಡುತ್ತೇನೆ. ಪ್ಲಸ್ ಗುರುತಿನ ತಲೆಯ ಸ್ಕ್ರೂ 1930ರ ದಶಕದಲ್ಲಿ ಬಂದದ್ದು, ನಮ್ಮ ಆಚಾರಿಗಳ ಕೈಗೆ ಬಂದದ್ದು ಇನ್ನೂ ಎಷ್ಟೋ ಆಮೇಲೆ. 1900ರ ಕುರ್ಚಿಯ ತುಂಬ ಅಂಥ ಸ್ಕ್ರೂ ಇದ್ದರೆ ಒಂದೋ ರಿಪೇರಿ ಆಗಿದೆ, ಇಲ್ಲವೇ ಕುರ್ಚಿಯೇ ಹೊಸದು.

ಇಂಥ ಅಂಗಡಿಯಲ್ಲಿ ದುಡ್ಡು ಸುರಿಯುವ ಮೊದಲು ಒಂದು ಕೆಲಸ ಮಾಡಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಿಜವಾದ ಹಳೇ ಮರ ಎಲ್ಲಿ ಸವೆಯುತ್ತದೆ, ಕೈ ಊರಿದ ಜಾಗ ಹೇಗೆ ನುಣುಪಾಗುತ್ತದೆ, ಕೆತ್ತನೆಯ ಅಂಚು ಎಷ್ಟು ಮೃದುವಾಗುತ್ತದೆ ಅನ್ನುವುದು ಅಲ್ಲಿ ಅರ್ಧ ದಿನ ಕಳೆದರೆ ಕಣ್ಣಿಗೆ ಹತ್ತುತ್ತದೆ. ನಕಲಿಯಲ್ಲಿ ಸವೆತ ಎಲ್ಲ ಕಡೆ ಒಂದೇ ಥರ ಇರುತ್ತದೆ. ನಿಜವಾದದ್ದರಲ್ಲಿ ಕುರ್ಚಿಯ ಕೈ ಮತ್ತು ಮುಂಗಾಲಿನ ಪಟ್ಟಿ ಸವೆದಿರುತ್ತದೆ, ಹಿಂಭಾಗ ಹಾಗೇ ಇರುತ್ತದೆ.

ಹೊರದೇಶದಲ್ಲಿರುವ ನಮ್ಮವರು ಇಲ್ಲಿಂದ ಏನಾದರೂ ಒಯ್ಯಬೇಕು ಅಂದುಕೊಂಡಿದ್ದರೆ ಎರಡು ಮಾತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಬೀಟೆ (ರೋಸ್‌ವುಡ್) ಮರವೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಮರಗಳ ಪಟ್ಟಿಯಲ್ಲಿದೆ. ದೊಡ್ಡ ಬೀಟೆ ಸಾಮಾನು ಹಡಗಿಗೆ ಹಾಕುವ ಮೊದಲು ಕಾಗದಪತ್ರ ವಿಚಾರಿಸಿ. ಇನ್ನು ದೇವಸ್ಥಾನದ್ದು ಅಂತ ಯಾರಾದರೂ ವಿಗ್ರಹ ತೋರಿಸಿದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಮರ ನೋಡುವುದು

ಯಾವ ದಾರಿಯಲ್ಲಿ ಹೋದರೂ ಈ ಕೆಲಸ ತಪ್ಪಿದ್ದಲ್ಲ. ಒಂದು ಟಾರ್ಚ್, ಒಂದು ಹಾಳೆ ನ್ಯೂಸ್ ಪೇಪರ್, ಒಂದು ಹಳೇ ಎಟಿಎಂ ಕಾರ್ಡ್, ಒಂದು ಸಣ್ಣ ಆಯಸ್ಕಾಂತ ಚೀಲದಲ್ಲಿಡಿ.

ಮೊದಲು ತಲೆಕೆಳಗು ಮಾಡಿ. ಡ್ರಾಯರ್ ಹೊರಗೆಳೆದು ಅದರ ಹಿಂಭಾಗ, ಕುರ್ಚಿಯ ಕೆಳಭಾಗ ನೋಡಿ. ಅಲ್ಲಿ ಪಾಲಿಷ್ ಇರುವುದು ಕಡಿಮೆ, ಮರ ತನ್ನ ಬಣ್ಣದಲ್ಲೇ ಇರುತ್ತದೆ. ಸಾಗುವಾನಿ ಹೊಂಬಣ್ಣದ ಕಂದು, ಕೈಗೆ ಸ್ವಲ್ಪ ಎಣ್ಣೆ ಜಿಡ್ಡು. ಒಂದು ಮೂಲೆಯನ್ನು ಉಜ್ಜುಕಾಗದದಿಂದ ಉಜ್ಜಿದರೆ ತೊಗಲಿನಂಥ ವಾಸನೆ. ಬೀಟೆ ಕಡು ನೇರಳೆ ಕಂದು, ಕಪ್ಪು ಗೆರೆ, ಎತ್ತಿದರೆ ತೂಕ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪು ಕಂದಾಗುತ್ತದೆ. ಹಲಸಿನ ಸಾಮಾನನ್ನು ಜನ ಕೀಳಾಗಿ ನೋಡುವುದು ನನಗೆ ಬೇಸರ. ಸಾಗುವಾನಿಯ ಹೆಸರಿಗೆ ಜಾಸ್ತಿ ಕೊಡುವ ಬದಲು ಗಟ್ಟಿ ಹಲಸಿನ ಮಂಚ ತರುವುದು ಎಷ್ಟೋ ವಾಸಿ.

ಆಮೇಲೆ ಹಲಗೆಯ ತುದಿ. ಮೇಲಿನ ಗೆರೆ ಅಂಚಿನಲ್ಲೂ ಮುಂದುವರಿದರೆ ಅದು ಗಟ್ಟಿ ಮರ. ಅಂಚಿನಲ್ಲಿ ಪದರ ಕಂಡರೆ ಪ್ಲೈವುಡ್, ಪುಡಿ ಕಂಡರೆ ಬೋರ್ಡ್. ಜೋಡಣೆ ನೋಡಿ. ಒಂದು ತುಂಡಿನ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಹೊಡೆದಿದ್ದರೆ ಸಡಿಲವಾದರೂ ರಿಪೇರಿ ಸುಲಭ. ಬರೀ ಮೊಳೆ ಹೊಡೆದಿದ್ದರೆ ಕಷ್ಟ.

ಹುಳದ ವಿಷಯ ಎಲ್ಲಕ್ಕಿಂತ ದೊಡ್ಡದು. ನ್ಯೂಸ್ ಪೇಪರ್ ಹಾಸಿ, ಅದರ ಮೇಲೆ ಕಾಲು ನಿಲ್ಲಿಸಿ, ಕೈಯಿಂದ ನಾಲ್ಕು ಏಟು ಹಾಕಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಇನ್ನೂ ಒಳಗಿದೆ. ತೂತುಗಳಿದ್ದು ಒಳಗೆ ಕಪ್ಪಾಗಿದ್ದರೆ, ಪುಡಿ ಬೀಳದಿದ್ದರೆ ಅದು ಹಳೇ ಗಾಯ, ಮದ್ದು ಹಾಕಿಸಿ ಇಟ್ಟುಕೊಳ್ಳಬಹುದು. ತಿಗಣೆಗೆ ಎಟಿಎಂ ಕಾರ್ಡ್. ಮಂಚದ ಸಂದು, ಸ್ಕ್ರೂ ತೂತು, ಹಲಗೆ ಕೂರುವ ಪಟ್ಟಿಯಲ್ಲಿ ಕಾರ್ಡಿನ ಅಂಚು ಎಳೆಯಿರಿ. ಪೆನ್ನಿನ ಶಾಯಿ ಚುಕ್ಕಿಯಂಥ ಕಪ್ಪು ಕಲೆ ಕಂಡರೆ ಬಿಟ್ಟುಬಿಡಿ. ತಿಗಣೆ ರಕ್ತ ಸಿಗದೆ ತಿಂಗಳುಗಟ್ಟಲೆ ಬದುಕಿರುತ್ತದೆ, ಬಿಸಿಲಿಗೆ ಇಟ್ಟರೆ ಹೋಗುತ್ತದೆ ಅನ್ನುವ ಧೈರ್ಯ ಬೇಡ. ಇದೇ ಕಾರಣಕ್ಕೆ ಹಳೇ ಹಾಸಿಗೆ, ದಿಂಬು ನಾನು ಯಾರಿಂದಲೂ, ಬಿಟ್ಟಿ ಕೊಟ್ಟರೂ ತರುವುದಿಲ್ಲ.

ಬಣ್ಣ ಬಳಿದ ಹಳೇ ತೊಟ್ಟಿಲು, ಮಕ್ಕಳ ಮಂಚ ತರುವವರು ಇನ್ನೊಂದು ನೆನಪಿಡಿ. ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಬಣ್ಣದಲ್ಲಿ ಸೀಸ ಇರಬಹುದು. ಮಗು ಕಚ್ಚುವ ಅಂಚು ಅದು. ಮನೆಯೊಳಗೆ ಒಣ ಉಜ್ಜುಕಾಗದದಿಂದ ಉಜ್ಜಲೇಬೇಡಿ, ಧೂಳು ಎಲ್ಲ ಕಡೆ ಕೂರುತ್ತದೆ. ಬಣ್ಣ ಬಳಿಯದ ಮರದ ತೊಟ್ಟಿಲು ಸಿಗುವವರೆಗೆ ಕಾಯುವುದು ಒಳ್ಳೆಯದು.

ಸ್ಟೀಲ್ ಬೀರುವಿಗೆ ಇಷ್ಟೆಲ್ಲ ಬೇಡ. ಕಾಲಿನ ಹತ್ತಿರ ತುಕ್ಕು, ಬಾಗಿಲು ಎರಡೂ ಸಮವಾಗಿ ಮುಚ್ಚುತ್ತವೆಯಾ, ಒಳಗಿನ ಲಾಕರಿನ ಕೀಲಿ ಇದೆಯಾ, ಇಷ್ಟೇ. ಹಳೇ ದಪ್ಪ ತಗಡಿನ ಗೋದ್ರೆಜ್ ಬೀರು ಸಿಕ್ಕರೆ ಬಿಡಬೇಡಿ.

ಗೋಡೆಗೆ, ಮೂಲೆಗೆ

ಅಲಂಕಾರದ ಸಾಮಾನಿನಲ್ಲಿ ಹಿತ್ತಾಳೆಗೆ ಮೊದಲು ಆಯಸ್ಕಾಂತ. ಅಂಟಿಕೊಂಡರೆ ಒಳಗೆ ಕಬ್ಬಿಣ. ಅಂಟದಿದ್ದರೆ ತೂಗಿಸಿ. ಪಾತ್ರೆ ಅಂಗಡಿಯಲ್ಲಿ ಆ ದಿನದ ಹಳೇ ಹಿತ್ತಾಳೆ ರೇಟು ಕೇಳಿಕೊಂಡು ಹೋದರೆ, ಅದಕ್ಕಿಂತ ಮೇಲೆ ಕೇಳುವ ದುಡ್ಡು ಕೆಲಸಕ್ಕೆ ಮತ್ತು ವಯಸ್ಸಿಗೆ ಅಂತ ಗೊತ್ತಾಗುತ್ತದೆ. ಹಂಡೆ, ಕೊಳಗ, ಸೇರು ಎಲ್ಲ ಈ ಲೆಕ್ಕಕ್ಕೇ ಬರುತ್ತವೆ. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಿ.

ರವಿವರ್ಮನ ಮುದ್ರಿತ ಚಿತ್ರ ಬೇಕು ಅನ್ನುವವರು ಒಂದು ಭೂತಗನ್ನಡಿ ಒಯ್ಯಿರಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಪ್ರೆಸ್ಸಿನ ಚಿತ್ರಗಳು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತಿದವು. ಭೂತಗನ್ನಡಿಯಲ್ಲಿ ಬಣ್ಣ ಒರಟಾಗಿ, ಚುಕ್ಕಿಗಳು ಅಡ್ಡಾದಿಡ್ಡಿಯಾಗಿ ಕಾಣುತ್ತವೆ. ಸಾಲುಸಾಲಾಗಿ ಒಂದೇ ಅಳತೆಯ ಚುಕ್ಕಿ ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಗೋಡೆಗೆ ಅದೂ ಚೆಂದವೇ, ಹಳೇದರ ಬೆಲೆ ಮಾತ್ರ ಕೊಡಬೇಡಿ.

ಹಾಗಾದರೆ ಯಾವುದಕ್ಕೆ ಎಲ್ಲಿ?

ಮಂಚ, ಊಟದ ಮೇಜು, ಮರದ ಬೀರುವಿಗೆ ಸೆಕೆಂಡ್ ಹ್ಯಾಂಡ್ ಅಂಗಡಿಯ ಪಾಲಿಷ್ ಆಗದ ಮಾಲು. ಫ್ರಿಜ್ ಸ್ಟ್ಯಾಂಡ್, ಶೂ ರ‍್ಯಾಕ್, ಓದುವ ಮೇಜು, ಪರದೆ ಕೋಲು ಇಂಥವಕ್ಕೆ ವಾಟ್ಸ್ಆ್ಯಪ್ ಗುಂಪು. ಕೂತು ಕೆಲಸ ಮಾಡುವ ಕುರ್ಚಿಗೆ ಆಫೀಸ್ ಗೋದಾಮು, ಬೇರೆ ಎಲ್ಲೂ ಅಲ್ಲ. ಪುಸ್ತಕದ ಕಪಾಟಿಗೆ ಹಳೇ ಮನೆಯ ಮರ ಮತ್ತು ನಿಮಗೆ ಗೊತ್ತಿರುವ ಆಚಾರಿ. ಆ್ಯಂಟಿಕ್ ಅಂಗಡಿಗೆ ವರ್ಷಕ್ಕೊಂದು ಸಲ, ಒಂದೇ ವಸ್ತುವಿಗೆ. ಎರಡು ವರ್ಷ ಮಾತ್ರ ಈ ಊರಲ್ಲಿರುವವರು ಗಟ್ಟಿ ಮರದ ಹಿಂದೆ ಹೋಗಬೇಡಿ. ಸಾಗಿಸುವ ಖರ್ಚೇ ಹೊರೆಯಾಗುತ್ತದೆ. ಬಿಚ್ಚಿ ಜೋಡಿಸುವ ಕಬ್ಬಿಣದ ಮಂಚವೇ ಸಾಕು.

ಹಿರಿಯರಿರುವ ಮನೆಯಲ್ಲಿ ಮಂಚದ ಬಗ್ಗೆ ಒಂದು ಮಾತು ಬರುತ್ತದೆ. ನಮ್ಮಮ್ಮನೂ ಕೇಳಿದ್ದರು: "ಯಾರು ಮಲಗಿದ್ದ ಮಂಚವೋ ಏನೋ." ನಾನು ವಾದ ಮಾಡಲಿಲ್ಲ. ಹಲಸಿನ ಮಂಚ ತಂದು, ಹಳೇ ಪಾಲಿಷ್ ಪೂರ್ತಿ ತೆಗೆಸಿ, ಬಿಸಿನೀರಿನಲ್ಲಿ ಒರೆಸಿ, ಒಳ್ಳೇ ದಿನ ನೋಡಿ ಅರಿಸಿನ ಕುಂಕುಮ ಇಟ್ಟು ರೂಮಿಗೆ ಹಾಕಿದೆವು. ಈಗ ಊರಿಂದ ಬಂದಾಗ ಅಮ್ಮ ಮಲಗುವುದು ಅದೇ ಮಂಚದ ಮೇಲೆ, ಕಿಟಕಿ ಕಡೆಯ ಬದಿಗೆ.